ನಿತ್ಯದ ಮಾತಿನಲ್ಲಿ ಅಡಗಿರುವ ಅಲಂಕಾರಗಳು



ಅನೇಕ ವರುಷಗಳ ಹಿಂದೆ ನಾನು ಒಂದು ಹಳ್ಳಿಯ ಶಾಲೆಗೆ ಹೊಸದಾಗಿ ಉಪಾಧ್ಯಾಯನಾಗಿ ಹೋದಾಗ, ಅಲ್ಲಿಯ ಸಭೆಯ ಹಿರಿಯರು ಕೂಡಿ ವ್ಯಾಜ್ಯಗಳನ್ನು ವಿಚಾರಿಸುವ ಕಾಲದಲ್ಲಿ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸವು ನನ್ನ ಪಾಲಿಗೆ ಬಂತು. ನಾನು ಪಟ್ಟಣದಲ್ಲಿ ಬೆಳೆದವನು; ಆ ಸೀಮೆಯ ಮಾತು ನನಗೆ ಹೊಸದು. ಒಂದು ಸಂಜೆ ಒಬ್ಬ ವಿಧವೆಯು ಬಂದು, ತನ್ನ ಮೈದುನನು ತನ್ನ ಹೊಟ್ಟೆಯ ಮೇಲೆ ಹೊಡೆದನೆಂದು ಅತ್ತು ಹೇಳಿದಳು. ನಾನು ಅದನ್ನು ಕೇಳಿದ ಹಾಗೆಯೇ ಬರೆಯದೆ, ಬರಹವು ಗಂಭೀರವಾಗಿರಲೆಂದು, ಮೈದುನನು ಈಕೆಯ ಉದರಕ್ಕೆ ಪೆಟ್ಟು ಹಾಕಿದನೆಂದು ಬರೆದೆನು. ಮುಂದಿನ ಕೂಟದಲ್ಲಿ ಅದನ್ನು ಎಲ್ಲರ ಮುಂದೆ ಓದಲಾಗಿ ಆ ಮನುಷ್ಯನ ಮುಖವು ಕಪ್ಪಿಟ್ಟಿತು. ತಾನು ಹೆಂಗಸಿನ ಮೇಲೆ ಕೈಮಾಡಿದವನಲ್ಲವೆಂದು ಅವನು ಆಣೆಯಿಡುವದಕ್ಕೂ ಸಿದ್ಧನಾದನು. ಆಕೆಯಾದರೋ, ‘ಹೊಡೆದದ್ದು ನಿಜ, ಊರಿಗೇ ಗೊತ್ತು’ ಎಂದಳು. ಇಬ್ಬರಲ್ಲಿ ಒಬ್ಬರೂ ಸುಳ್ಳಾಡಲಿಲ್ಲ. ಆದರೂ ಆ ಮನುಷ್ಯನು ಎರಡು ತಿಂಗಳು ಆರಾಧನೆಗೆ ಬರಲಿಲ್ಲ. ವಿಧವೆಯನ್ನು ಹೊಡೆದವನೆಂಬ ಹೆಸರು ಅವನಿಗಿಂತ ಮುಂಚೆ ಸಂತೆಗೆ ಹೋಗಿ ಮುಟ್ಟುತ್ತಿತ್ತು.

ಕೊನೆಗೆ ಒಬ್ಬ ಮುದುಕಿಯು ಆಕೆಯನ್ನು ಬದಿಗೆ ಕರೆದು, ‘ಏತರಿಂದ ಹೊಡೆದನೇ, ಮಗಳೇ?’ ಎಂದು ಕೇಳಿದಳು. ‘ಏತರಿಂದ ಅಂದರೇನು, ಅವ್ವಾ! ನೇಗಿಲಿನಿಂದ ಹೊಡೆದ. ನನ್ನ ಪಾಲಿನ ಹೊಲವನ್ನೂ ತನ್ನದರೊಳಗೆ ಸೇರಿಸಿ ಉತ್ತುಬಿಟ್ಟ. ಈ ವರುಷ ನನ್ನ ಮಕ್ಕಳು ಏನು ತಿನ್ನಬೇಕು?’ ಅಂದಳು. ಆಗ ನನಗೆ ತಿಳಿಯಿತು. ಪೆಟ್ಟು ಬಿದ್ದದ್ದು ಜೀವನಕ್ಕೆ, ಮೈಗಲ್ಲ. ಹೊಲದ ತಂಟೆಯು ಆ ಮೇಲೂ ಎರಡು ಬೇಸಿಗೆ ನಡೆಯಿತು. ಅದು ಬೇರೆ ಮಾತು. ನನ್ನ ಒಂದು ಸಾಲಿನ ಬರಹದಿಂದ ಒಬ್ಬನಿಗೆ ಬಂದ ಅಪಕೀರ್ತಿಯನ್ನು ಮಾತ್ರ ನಾನು ಈ ವರೆಗೂ ಮರೆತಿಲ್ಲ. ಆದದರಿಂದ ಮಾತಿನ ಅಲಂಕಾರಗಳೆಂಬ ವಿಷಯವು ಕವಿಗಳಿಗೂ ಪಂಡಿತರಿಗೂ ಮಾತ್ರ ಸೇರಿದ್ದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವದಿಲ್ಲ.

ಮಾತಿಗೆ ಎರಡು ವಿಧವಾದ ಅರ್ಥವುಂಟು. ಶಬ್ದವು ತಾನಾಗಿಯೇ ನೇರವಾಗಿ ಕೊಡುವ ಅರ್ಥವು ಒಂದು, ಅದನ್ನು ವಾಚ್ಯಾರ್ಥವೆನ್ನುತ್ತಾರೆ. ಆ ಅರ್ಥವು ಆ ಸ್ಥಳಕ್ಕೆ ಹೊಂದದೆ ಹೋದಾಗ ಅದರ ಪಕ್ಕದಲ್ಲಿರುವ ಇನ್ನೊಂದು ಅರ್ಥವನ್ನು ನಾವು ಹಿಡಿಯುತ್ತೇವೆ, ಅದು ಲಕ್ಷ್ಯಾರ್ಥ. ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅತಿ ಹಳೆಯದಾದ ಕವಿರಾಜಮಾರ್ಗವು ಒಂಭತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅರಸನಾದ ನೃಪತುಂಗನ ಕಾಲದಲ್ಲಿ, ಹುಟ್ಟಿತು. ಅದು ಕಥೆಯ ಪುಸ್ತಕವಲ್ಲ. ಮಾತಿನ ದೋಷಗಳನ್ನೂ ಅಲಂಕಾರಗಳನ್ನೂ ತಿಳಿಸುವ ಪುಸ್ತಕ. ಅದರ ಮೂರು ಭಾಗಗಳಲ್ಲಿ ಕಡೆಯದು ಪೂರ್ತಿಯಾಗಿ ಅರ್ಥಾಲಂಕಾರಗಳನ್ನು ಕುರಿತದ್ದು. ಕಾವೇರಿಯಿಂದ ಗೋದಾವರಿಯ ವರೆಗಿನ ಈ ನಾಡಿನ ಜನರು ಬೇಕೆಂದು ಕುಳಿತು ಓದದಿದ್ದರೂ ಕಾವ್ಯದ ಮಾತಿನಲ್ಲಿ ಬುದ್ಧಿ ಪಳಗಿದವರೆಂದು ಅದೇ ಗ್ರಂಥವು ಹೊಗಳಿದೆ. ಅಕ್ಷರವರಿಯದ ಅಜ್ಜಿಯು ಒಲೆಯ ಮುಂದೆ ಕುಳಿತು ಆಡುವ ಹತ್ತು ಮಾತುಗಳನ್ನು ಯಾರಾದರೂ ಎಣಿಸಿ ನೋಡಿದರೆ ಈ ಹೊಗಳಿಕೆಯು ನಿಜವೆಂದು ಕಾಣುವರು.

ಮೊದಲು ಉಪಮೆಯನ್ನು ತಕ್ಕೊಳ್ಳುವಾ. ‘ಈ ಅನ್ನವು ಮಲ್ಲಿಗೆಯ ಹೂವಿನ ಹಾಗೆ ಬೆಳ್ಳಗಿದೆ’ ಎಂಬ ಮಾತಿನಲ್ಲಿ ನಾಲ್ಕು ಅಂಗಗಳಿವೆ. ಯಾವದನ್ನು ವರ್ಣಿಸುತ್ತೇವೋ ಆ ಅನ್ನವು ಉಪಮೇಯ. ಯಾವದಕ್ಕೆ ಹೋಲಿಸುತ್ತೇವೋ ಆ ಮಲ್ಲಿಗೆಯು ಉಪಮಾನ. ‘ಹಾಗೆ’ ಎಂಬದು ಹೋಲಿಕೆಯನ್ನು ತೋರಿಸುವ ವಾಚಕ. ಬೆಳ್ಳಗಿರುವದು ಎರಡಕ್ಕೂ ಸೇರಿದ ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ. ಒಂದಾದರೂ ಬಿಟ್ಟುಹೋದರೆ ಲುಪ್ತೋಪಮೆ. ನಮ್ಮ ನಿತ್ಯದ ಮಾತಿನಲ್ಲಿ ಬಿಟ್ಟುಹೋಗುವದು ಹೆಚ್ಚಾಗಿ ಸಮಾನಧರ್ಮವೇ. ‘ಅವನು ಹಸುವಿನಂಥ ಮನುಷ್ಯ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಯಾವದರಲ್ಲಿ ಹಸುವಿನಂಥವನು ಎಂಬದನ್ನು ಕೇಳುವವನೇ ತುಂಬಿಕೊಳ್ಳಬೇಕು. ನಮ್ಮವರು ಸಾಧುತನವನ್ನು ತುಂಬಿಕೊಳ್ಳುತ್ತಾರೆ. ಹಸುವನ್ನು ಕಟ್ಟಿ ಸಾಕದ ದೇಶದವನು ಮಂದಬುದ್ಧಿಯನ್ನು ತುಂಬಿಕೊಂಡರೆ ತಪ್ಪು ಯಾರದು?

ಯೇಸು ಸ್ವಾಮಿಯು ತನ್ನ ಶಿಷ್ಯರನ್ನು ಕಳುಹಿಸುವಾಗ ಅವರನ್ನು ಹಾವಿಗೂ ಪಾರಿವಾಳಕ್ಕೂ ಹೋಲಿಸಿ ಬುದ್ಧಿ ಹೇಳಿದ್ದು ನಿಮ್ಮ ನೆನಪಿನಲ್ಲಿರಬಹುದು. ಅಲ್ಲಿ ಅವನು ಸಮಾನಧರ್ಮವನ್ನು ಬಿಡಲಿಲ್ಲ. ಹಾವಿನಿಂದ ಜಾಣತನವನ್ನು ಮಾತ್ರ, ಪಾರಿವಾಳದಿಂದ ನಿಷ್ಕಪಟತನವನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಬಿಡಿಸಿ ಹೇಳಿದನು. ಬಿಟ್ಟಿದ್ದರೆ ಹಾವಿನಿಂದ ವಿಷವನ್ನು ತಕ್ಕೊಳ್ಳುವವರೇ ಹೆಚ್ಚಾಗುತ್ತಿದ್ದರು.

ಉಪಮೆಯನ್ನು ಗುರುತಿಸುವದು ಸುಲಭ. ‘ಹಾಗೆ’, ‘ಅಂತೆ’, ‘ಅಂಥ’ ಎಂಬ ಮಾತುಗಳು ಬಂದರೆ ಅದು ಹತ್ತಿರದಲ್ಲಿದೆ. ‘ಹೊಳೆಯಲ್ಲಿ ಹುಣಸೇಹಣ್ಣು ಕಲಸಿದ ಹಾಗೆ’, ‘ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ’, ‘ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ’ ಎಂಬವು ನಮ್ಮ ಊರುಗಳಲ್ಲಿ ದಿನಾಲು ಕೇಳಿಬರುತ್ತವೆ. ಕಡೆಯದು ನನಗೆ ಬಹಳ ಪ್ರಿಯವಾದದ್ದು. ಎರಡು ಕೋಣೆಗಳ ನಡುವಿನ ಗೋಡೆಯ ಮೇಲಿಟ್ಟ ದೀಪವು ಆಚೆಗೂ ಈಚೆಗೂ ಅರೆಬೆಳಕನ್ನು ಕೊಡುತ್ತದೆ. ಯಾರ ಪಕ್ಷವನ್ನೂ ಹಿಡಿಯದೆ ಇಬ್ಬರಿಗೂ ಹಿತವಾಗಿ ಮಾತಾಡುವವನ ಮಾತೂ ಹಾಗೆಯೇ. ಇದಕ್ಕಿಂತ ಚಿಕ್ಕದಾಗಿ ಅಂಥವನನ್ನು ವರ್ಣಿಸುವದಕ್ಕೆ ಸಾಧ್ಯವೋ? ಆದರೆ ‘ಹಾಗೆ’ ಎಂಬದನ್ನು ಕಂಡ ಕೂಡಲೆ ಉಪಮೆ ಎಂದು ಬರೆದುಬಿಡಬೇಡಿರಿ. ‘ಈ ಎತ್ತು ಆ ಎತ್ತಿನ ಹಾಗಿದೆ’ ಎಂಬದು ಉಪಮೆಯಲ್ಲ, ಸಂತೆಯ ಮಾತು. ಬೇರೆ ಬೇರೆ ಜಾತಿಯ ಎರಡು ವಸ್ತುಗಳಲ್ಲಿ ಒಂದು ಸಾಮ್ಯವನ್ನು ಕಂಡು ಸಂತೋಷಪಟ್ಟಾಗಲೇ ಅದಕ್ಕೆ ಅಲಂಕಾರವೆಂಬ ಹೆಸರು.

ಹೋಲಿಕೆಯ ಶಬ್ದವನ್ನು ತೆಗೆದುಹಾಕಿ, ಇದೇ ಅದು ಎಂದು ಹೇಳಿಬಿಟ್ಟರೆ ರೂಪಕವಾಗುತ್ತದೆ. ‘ಆ ಸೊಸೆಯು ಮನೆಯ ದೀಪ’, ‘ಅವನು ಊಸರವಳ್ಳಿ’ ಎಂಬವು ರೂಪಕಗಳು. ಹೆರೋದನನ್ನು ಸ್ವಾಮಿಯು ನರಿಯೆಂದು ಕರೆದದ್ದೂ ರೂಪಕವೇ. ಉಪಮೆಗಿಂತ ರೂಪಕಕ್ಕೆ ಬಲ ಹೆಚ್ಚು. ಅಪಾಯವೂ ಹೆಚ್ಚು, ಯಾಕಂದರೆ ಇದು ಹೋಲಿಕೆಯೆಂದು ಎಚ್ಚರಿಸುವ ಶಬ್ದವು ಅದರಲ್ಲಿಲ್ಲ. ಕರ್ತನು ಕಡೆಯ ಭೋಜನದಲ್ಲಿ ರೊಟ್ಟಿಯನ್ನು ತನ್ನ ದೇಹವೆಂದು ಕರೆದನಷ್ಟೆ. ಆ ಮಾತನ್ನು ಹೇಗೆ ತಿಳಿಯಬೇಕೆಂಬದನ್ನು ಕುರಿತು ೧೫೨೯ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಲೂಥರನೂ ಜ್ವಿಂಗ್ಲಿಯೂ ಜರ್ಮನಿಯ ಮಾರ್ಬುರ್ಗ್ ಪಟ್ಟಣದಲ್ಲಿ ಕೂಡಿ ವಾದಿಸಿದರು. ಜ್ವಿಂಗ್ಲಿಯು, ಇಲ್ಲಿ ‘ಆಗಿದೆ’ ಎಂಬದಕ್ಕೆ ‘ಸೂಚಿಸುತ್ತದೆ’ ಎಂದು ಅರ್ಥವೆಂದನು. ಲೂಥರನು ಆ ಮಾತನ್ನು ಸೀಮೇಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟು ಇದ್ದ ಹಾಗೆಯೇ ಹಿಡಿದನು. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಇಬ್ಬರೂ ಒಪ್ಪಿದರು. ಹದಿನೈದನೆಯದರಲ್ಲಿ ಈ ಒಂದು ಅಂಶಕ್ಕೆ ಬಂದಾಗ ಒಪ್ಪಿಗೆಯಾಗಲಿಲ್ಲ. ಆ ವಾದವನ್ನು ಈ ಪುಟದಲ್ಲಿ ತೀರಿಸುವದಕ್ಕೆ ನಾನು ಹೊರಟಿಲ್ಲ. ಒಂದು ಮಾತು ರೂಪಕವೋ ಅಲ್ಲವೋ ಎಂಬ ಪ್ರಶ್ನೆಯಿಂದ ಎರಡು ದೇಶಗಳ ಸಭೆಗಳು ಬೇರೆಯಾಗಿ ನಿಂತವೆಂಬದನ್ನು ಮಾತ್ರ ಗಮನಿಸಿರಿ.

ಕೆಲವು ರೂಪಕಗಳು ಬಹಳ ಬಳಕೆಯಿಂದ ಸವೆದುಹೋಗಿ ರೂಪಕವೆಂದು ತೋರುವದೇ ಇಲ್ಲ. ಸೂಜಿಯ ಕಣ್ಣು, ತೆಂಗಿನಕಾಯಿಯ ಕಣ್ಣು, ಗಡಿಗೆಯ ಬಾಯಿ, ಕೊಡದ ಕಂಠ, ಗರಗಸದ ಹಲ್ಲು, ಮಂಚದ ಕಾಲು ಎನ್ನುವಾಗ ನಮ್ಮ ಶರೀರದ ಅಂಗಗಳನ್ನು ಸಾಮಾನುಗಳಿಗೆ ಹಂಚಿಕೊಟ್ಟಿದ್ದೇವೆ. ‘ಹೊಟ್ಟೆಕಿಚ್ಚು’ ಎಂಬ ಶಬ್ದವನ್ನು ಬಿಡಿಸಿ ನೋಡಿರಿ. ಕಿಚ್ಚು ಎಂದರೆ ಬೆಂಕಿ. ನೆರೆಯವನ ಹೊಲ ಚೆನ್ನಾಗಿ ಬೆಳೆದದ್ದನ್ನು ಕಂಡು ಒಬ್ಬನಿಗೆ ಒಳಗೆ ಹೊತ್ತಿಕೊಂಡದ್ದನ್ನು ಮೊದಲು ಹಾಗೆ ಕರೆದವನು ಯಾವನೋ, ಅವನು ದೊಡ್ಡ ಕವಿಯೇ ಸರಿ. ಉತ್ತರದ ಸೀಮೆಯವರು ಹೇಳುವ ‘ಹದಿನಾರಾಣೆ ಖರೆ’ ಎಂಬದು ಇನ್ನೊಂದು. ರೂಪಾಯಿಗೆ ಹದಿನಾರು ಆಣೆಗಳಿದ್ದ ಕಾಲದಲ್ಲಿ, ಒಂದು ಆಣೆಯೂ ಕಡಿಮೆಯಾಗದ ಪೂರ್ಣ ಸತ್ಯವೆಂಬ ಅರ್ಥವು ಮಕ್ಕಳಿಗೂ ತಿಳಿಯುತ್ತಿತ್ತು. ೧೯೫೭ನೆಯ ಇಸವಿಯ ಎಪ್ರಿಲ್ ಒಂದರಿಂದ ರೂಪಾಯಿಗೆ ನೂರು ಪೈಸೆಯ ಲೆಕ್ಕವು ಬಂದು ಆಣೆಯು ಹೋಯಿತು, ಮಾತು ಉಳಿಯಿತು. ಈಗಿನ ಹುಡುಗರು ಅದನ್ನು ಹೇಳುತ್ತಾರೆ, ಹದಿನಾರು ಏಕೆಂದು ಕೇಳಿದರೆ ಮುಖ ನೋಡುತ್ತಾರೆ. ಇಂಥ ಮಾತುಗಳನ್ನೂ ಗಾದೆಗಳನ್ನೂ ಹುಡುಕಬೇಕೆಂದಿರುವವರು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಪಂಡಿತರ ನಿಘಂಟನ್ನು ತೆರೆದು ನೋಡಬಹುದು. ಒಂದೊಂದು ಶಬ್ದದ ಕೆಳಗೆ ಜನರ ಬಾಯಲ್ಲಿದ್ದ ಗಾದೆಗಳನ್ನು ಅವರು ಸೇರಿಸಿಟ್ಟಿದ್ದಾರೆ.

ಇನ್ನು ಲಕ್ಷಣೆಗೆ ಬರುವಾ. ಇಲ್ಲಿ ಹೋಲಿಕೆಯೇ ಇಲ್ಲ. ಒಂದಕ್ಕೊಂದು ಸಂಬಂಧವಿರುವ ವಸ್ತುಗಳಲ್ಲಿ ಒಂದರ ಹೆಸರನ್ನು ಹೇಳಿ ಇನ್ನೊಂದನ್ನು ತೋರಿಸುತ್ತೇವೆ. ಸಂಸ್ಕೃತ ಪಂಡಿತರು ಇದಕ್ಕೆ ಕೊಡುವ ಹಳೆಯ ಉದಾಹರಣೆಯೇನಂದರೆ, ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆ ಎಂಬದು. ನೀರಿನ ಮೇಲೆ ಹಟ್ಟಿಯನ್ನು ಕಟ್ಟಲಾಗದು. ಆದದರಿಂದ ಗಂಗೆಯೆಂದರೆ ಗಂಗೆಯ ದಡವೆಂದು ತಿಳಿಯಬೇಕು. ಗಂಗೆಯ ವರೆಗೆ ಹೋಗುವದು ನಮಗೆ ಬೇಡ. ‘ಅವರ ಮನೆಯಲ್ಲಿ ಎರಡು ದಿವಸದಿಂದ ಒಲೆ ಹತ್ತಿಲ್ಲ’ ಎಂದು ನೆರೆಯವಳು ಬಂದು ಹೇಳಿದರೆ ಬೆಂಕಿಪೆಟ್ಟಿಗೆಯನ್ನು ಕಳುಹಿಸುವವರುಂಟೋ? ಅಕ್ಕಿಯನ್ನು ಕಳುಹಿಸುತ್ತೇವೆ. ‘ಆ ಮನೆಯಲ್ಲಿ ಎಂಟು ಬಾಯಿಗಳಿವೆ, ದುಡಿಯುವ ಕೈ ಒಂದೇ’ ಎಂಬಲ್ಲಿ ಬಾಯಿಯೆಂದರೆ ಉಣ್ಣುವ ಮನುಷ್ಯ, ಕೈಯೆಂದರೆ ಗೇಯುವ ಮನುಷ್ಯ. ಅಂಗದ ಹೆಸರಿನಿಂದ ಇಡೀ ಮನುಷ್ಯನನ್ನು ಕರೆದದ್ದು. ‘ಊರೆಲ್ಲಾ ನಕ್ಕಿತು’ ಎಂಬಲ್ಲಿ ಊರೆಂದರೆ ಊರಿನವರು. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಗಂಡಸರು ಹೇಳುವಾಗ ಕೇಳುವದು ಗೋಡೆಗಳನ್ನಲ್ಲ, ಹೆಂಡತಿಯನ್ನು. ಇದನ್ನು ಒಪ್ಪಿಕೊಳ್ಳುವದಕ್ಕೆ ನಾಚಿಕೆಪಟ್ಟು ಲಕ್ಷಣೆಯ ಹಿಂದೆ ಅಡಗುವರೆಂದು ನನಗೆ ತೋರುತ್ತದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಲ್ಲಿ ಕೆಸರು ಎಂಬದು ಗೇಯ್ಮೆಯ ಗುರುತು, ಮೊಸರು ಎಂಬದು ಉಣಿಸಿನ ಗುರುತು. ಉತ್ತವರಿಗೆ ಅದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

ಈಗ ಆ ವಿಧವೆಯ ಮಾತಿಗೆ ತಿರುಗಿ ಬಂದರೆ, ಅದರಲ್ಲಿ ಒಂದಲ್ಲ, ಎರಡು ಅಲಂಕಾರಗಳಿದ್ದವು. ಹೊಟ್ಟೆಯೆಂಬದು ಹೊಟ್ಟೆಯನ್ನು ತುಂಬಿಸುವ ಅನ್ನಕ್ಕೆ, ಆ ಅನ್ನವನ್ನು ಕೊಡುವ ಹೊಲಕ್ಕೆ ಲಕ್ಷಣೆ. ಹೊಡೆದನೆಂಬದು ಕಸಕೊಂಡನೆಂಬದಕ್ಕೆ ರೂಪಕ. ನಾನು ಹೊಟ್ಟೆಯನ್ನು ತೆಗೆದು ಉದರವೆಂದು ಬರೆದ ಕ್ಷಣದಲ್ಲಿಯೇ ಎರಡೂ ಸತ್ತುಹೋದವು. ಯಾಕಂದರೆ ರೂಢಿಯಿಂದ ಬಂದ ನುಡಿಗಟ್ಟುಗಳಲ್ಲಿ ಶಬ್ದವನ್ನು ಬದಲಿಸಲಾಗದು. ‘ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗಿದೆವು’ ಎಂದರೆ ಉಪವಾಸವೆಂದು ತಿಳಿಯುವದು. ಉದರದ ಮೇಲೆ ಶೀತಲ ವಸ್ತ್ರವೆಂದರೆ ವೈದ್ಯನ ಮಾತಾಗುವದು. ಇದೊಂದು ಒಳ್ಳೇ ಪರೀಕ್ಷೆ. ಒಂದು ಮಾತಿನಲ್ಲಿ ಅದೇ ಅರ್ಥದ ಬೇರೆ ಶಬ್ದವನ್ನಿಟ್ಟು ನೋಡಿರಿ; ಅರ್ಥವು ಕೆಟ್ಟರೆ ಅದು ನುಡಿಗಟ್ಟು.

ಅತಿಶಯೋಕ್ತಿಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅದು ನಮ್ಮೆಲ್ಲರಿಗೂ ಚೆನ್ನಾಗಿ ಬರುತ್ತದೆ. ಸಾವಿರ ಸಾರಿ ಹೇಳಿದೆನೆಂದು ತಾಯಿಯು ಹೇಳುವಾಗ ನಾಲ್ಕೈದು ಸಾರಿ ಹೇಳಿರುವಳು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕವನಿಗೆ ಔಷಧ ಬೇಕಾಗುವದಿಲ್ಲ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರೆಂದು ಫರಿಸಾಯರನ್ನು ಕುರಿತು ಸ್ವಾಮಿಯು ಹೇಳಿದ್ದು ಈ ಜಾತಿಗೆ ಸೇರಿದ್ದು. ಉತ್ಪ್ರೇಕ್ಷೆಯೆಂಬ ಇನ್ನೊಂದು ಅಲಂಕಾರವುಂಟು. ಶಾಲೆಯ ಮಕ್ಕಳು ಇದನ್ನೂ ಅತಿಶಯೋಕ್ತಿಯನ್ನೂ ಒಂದೆಂದು ತಿಳಿದು ತಪ್ಪು ಬರೆಯುತ್ತಾರೆ, ಯಾಕಂದರೆ ವ್ಯವಹಾರದಲ್ಲಿ ಹೆಚ್ಚಿಸಿ ಹೇಳಿದ್ದನ್ನೆಲ್ಲಾ ಉತ್ಪ್ರೇಕ್ಷೆಯೆನ್ನುತ್ತೇವೆ. ಅಲಂಕಾರಶಾಸ್ತ್ರದಲ್ಲಾದರೋ ಅದಕ್ಕೆ ಬೇರೆ ಅರ್ಥ. ‘ಆಕಾಶಕ್ಕೇ ತೂತು ಬಿತ್ತೋ ಏನೋ ಎಂಬಂತೆ ಮಳೆ ಸುರಿಯಿತು’ ಎಂಬಲ್ಲಿ ಇಲ್ಲದ ಒಂದು ಸಂಗತಿಯನ್ನು ಇದ್ದ ಹಾಗೆ ಊಹಿಸುತ್ತೇವೆ. ಆ ಊಹೆಯೇ ಉತ್ಪ್ರೇಕ್ಷೆ. ‘ಎಂಬಂತೆ’, ‘ಏನೋ’ ಎಂಬವು ಅದರ ಗುರುತುಗಳು. ಜೀವವಿಲ್ಲದ್ದಕ್ಕೆ ಮನುಷ್ಯರ ನಡತೆಯನ್ನು ಕೊಡುವದೂ ಒಂದುಂಟು: ಸಾಲವು ಬೆನ್ನು ಹತ್ತುತ್ತದೆ, ಹಸಿವು ಕಾಡುತ್ತದೆ, ಮಳೆ ಕೈಕೊಡುತ್ತದೆ, ಒಂದು ವರುಷ ಬೆಳೆಯು ಕೈ ಹಿಡಿಯುತ್ತದೆ. ಬೇಸಾಯಗಾರರ ಮಾತಿನಲ್ಲಿ ಇದು ತುಂಬಿದೆ; ಆಕಾಶದ ಮರ್ಜಿಯನ್ನು ನೋಡಿ ಬದುಕುವವರಿಗೆ ಮಳೆಯು ಒಬ್ಬ ಮನುಷ್ಯನ ಹಾಗೆಯೇ ಕಾಣುವದು.

ಹೊಗಳಿಕೆಯ ರೂಪದಲ್ಲಿ ಬೈಯುವದನ್ನು ವ್ಯಾಜಸ್ತುತಿಯೆನ್ನುತ್ತಾರೆ. ಮಧ್ಯಾಹ್ನಕ್ಕೆ ಬರಬೇಕಾದವನು ಸಂಜೆಗೆ ಬಂದರೆ ‘ಬಾರಪ್ಪಾ ಪುಣ್ಯಾತ್ಮಾ’ ಎನ್ನುತ್ತೇವೆ. ಇದನ್ನು ಶಬ್ದದಿಂದ ಗುರುತಿಸುವದಕ್ಕಾಗದು. ಧ್ವನಿಯಿಂದಲೂ ಮುಖಭಾವದಿಂದಲೂ ಗುರುತಿಸಬೇಕು. ಆದದರಿಂದ ಕಾಗದದಲ್ಲಿ ಇದನ್ನು ಬರೆಯುವವರು ಜಾಗ್ರತೆಯಾಗಿರಲಿ. ಊರು ಬಿಟ್ಟು ಗಟ್ಟದ ಮೇಲಿನ ತೋಟಕ್ಕೆ ಕೆಲಸಕ್ಕೆ ಹೋದ ಮಗನಿಗೆ ಒಬ್ಬ ತಂದೆಯು, ಹಣ ಕಳುಹಿಸದೆ ಇದ್ದದ್ದಕ್ಕೆ ‘ಬಹಳ ಒಳ್ಳೇದು ಮಾಡಿದೆ’ ಎಂದು ಬರೆಸಿದ್ದನ್ನು ನಾನು ಬಲ್ಲೆನು. ಮಗನು ಅದನ್ನು ಮೆಚ್ಚಿಕೆಯೆಂದು ಓದಿಕೊಂಡು ಸುಮ್ಮನಾದನು.

ಕಡೆಗೆ, ಹೆದರಿಕೆಯಿಂದಲೋ ಮರ್ಯಾದೆಯಿಂದಲೋ ಮುಚ್ಚಿ ಹೇಳುವ ಮಾತುಗಳು. ದೀಪವನ್ನು ಆರಿಸು ಎನ್ನದೆ ‘ದೊಡ್ಡದು ಮಾಡು’ ಎನ್ನುತ್ತೇವೆ. ಬಳೆಯು ಒಡೆಯಿತೆನ್ನದೆ ‘ಹೆಚ್ಚಿತು’ ಎನ್ನುತ್ತೇವೆ. ಮನೆಯಿಂದ ಹೊರಡುವವನು ಹೋಗುತ್ತೇನೆಂದು ಹೇಳದೆ ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ರಾತ್ರಿಯಲ್ಲಿ ಹಾವಿಗೆ ಹಗ್ಗವೆಂದೋ ಹುಳವೆಂದೋ ಹೆಸರು. ಅಮಂಗಳವಾದದ್ದನ್ನು ನೆನಪಿಗೆ ತರುವ ಮಾತನ್ನು ನಮ್ಮ ಲಾಕ್ಷಣಿಕರು ದೋಷಗಳಲ್ಲಿ ಎಣಿಸಿದ್ದಾರೆ. ಸಿಡುಬನ್ನು ಜನರು ‘ಅಮ್ಮ’ ಎಂದು ಕರೆಯುತ್ತಿದ್ದರು. ಆ ವ್ಯಾಧಿಯು ಭೂಮಿಯ ಮೇಲಿಂದಲೇ ನಿರ್ಮೂಲವಾಯಿತೆಂದು ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಮೇಲೂ ಆ ಹೆಸರು ಸತ್ತಿಲ್ಲ, ಸೀತಾಳೆಸಿಡುಬಿಗೆ ಅಂಟಿಕೊಂಡಿದೆ.

ನಮ್ಮ ಸಭೆಗಳಲ್ಲಿ ಮೃತರಾದವರನ್ನು ಕುರಿತು ‘ನಿದ್ರೆಹೋದರು’ ಎನ್ನುವ ವಾಡಿಕೆಯುಂಟು. ಅದು ಬಹಳ ಹಳೆಯ ವಾಡಿಕೆ. ಗ್ರೀಕರಲ್ಲಿ ‘ಕೊಯ್ಮೆತೇರಿಯೊನ್’ ಎಂದರೆ ಮಲಗುವ ಸ್ಥಳ. ಮೊದಲಿನ ಕ್ರೈಸ್ತರು ತಮ್ಮ ಸಮಾಧಿಯ ಭೂಮಿಗೆ ಆ ಹೆಸರನ್ನೇ ಇಟ್ಟರು. ಎದ್ದೇಳುವ ನಿರೀಕ್ಷೆಯು ಆ ಒಂದು ಶಬ್ದದಲ್ಲಿ ಅಡಗಿದೆ. ಆದರೆ ಮಕ್ಕಳ ಮುಂದೆ ಅದನ್ನು ಹೇಳುವಾಗ ವಿಚಾರವಿರಬೇಕು. ನಾನು ಬಲ್ಲ ಒಂದು ಮನೆಯಲ್ಲಿ ಐದು ವರುಷದ ಹುಡುಗನಿಗೆ ‘ತಾತನು ನಿದ್ರೆಹೋದನು’ ಎಂದು ಹೇಳಿದರು. ಪೆಟ್ಟಿಗೆಯನ್ನು ಮಣ್ಣಿನಲ್ಲಿಳಿಸುವದನ್ನು ಆ ಹುಡುಗನು ಕಣ್ಣಾರೆ ನೋಡಿದನು. ಆ ಮೇಲೆ ಅನೇಕ ರಾತ್ರಿ ಅವನು ಕಣ್ಣು ಮುಚ್ಚಲೊಲ್ಲದೆ ತಾಯಿಯ ಸೆರಗನ್ನು ಹಿಡಿದು ಕುಳಿತಿರುವನು. ಕಾರಣವನ್ನು ಕೇಳಿದರೆ ಹೇಳನು. ಬಹಳ ದಿವಸಗಳ ತರುವಾಯ, ‘ನಾನು ನಿದ್ರೆಹೋದರೆ ನನ್ನನ್ನೂ ಹೂಳುವಿರೋ?’ ಎಂದು ಕೇಳಿದನಂತೆ. ಲಾಜರನು ಸತ್ತಾಗ ಕರ್ತನು ಮೊದಲು ಅವನು ನಿದ್ರೆಮಾಡುತ್ತಾನೆಂದು ಹೇಳಲಾಗಿ ಶಿಷ್ಯರೂ ಹೀಗೆಯೇ ತಪ್ಪಾಗಿ ತಿಳಿದು, ನಿದ್ರೆ ಬಂದರೆ ಗುಣವಾಗುವದೆಂದು ಹೇಳಿದರು. ಆಗ ಅವನು ಅಲಂಕಾರವನ್ನು ಬಿಟ್ಟು, ಲಾಜರನು ಸತ್ತನೆಂದು ಸ್ಪಷ್ಟವಾಗಿಯೇ ತಿಳಿಸಿದನು.

ಇನ್ನೊಂದು ಸಂಗತಿಯನ್ನು ಹೇಳಿ ಪಾಠವನ್ನು ಮುಗಿಸುವೆನು. ಸುವಾರ್ತೆಗಳಲ್ಲಿ ಯೇಸುವು ಜನರ ಗುಂಪನ್ನು ನೋಡಿ ಕನಿಕರಪಟ್ಟನೆಂದು ನಾವು ಓದುವಲ್ಲಿ, ಗ್ರೀಕ್ ಮೂಲದಲ್ಲಿರುವ ಕ್ರಿಯಾಪದವು ಹೊಟ್ಟೆಯೊಳಗಿನ ಅಂಗಗಳ ಹೆಸರಿನಿಂದ ಹುಟ್ಟಿದ್ದು. ಅನೇಕ ದೇಶದವರಿಗೆ ಅದು ವಿಚಿತ್ರವಾಗಿ ತೋರುವದು. ನಮಗೆ ವಿಚಿತ್ರವಲ್ಲ. ಅನಾಥ ಮಗುವನ್ನು ಕಂಡರೆ ನಮ್ಮವರು ‘ಕರುಳು ಚುರ್ರೆಂದಿತು’ ಎನ್ನುತ್ತಾರೆ. ತಾಯಿಯ ಪ್ರೀತಿಗೆ ‘ಹೆತ್ತ ಕರುಳು’ ಎನ್ನುತ್ತಾರೆ. ಹಾಗೆಯೇ ಇಬ್ರಿಯರು ಮಾತು ಕೇಳದ ಜನರನ್ನು ಗಟ್ಟಿ ಕುತ್ತಿಗೆಯವರೆಂದು ಕರೆದರು. ನೊಗವನ್ನು ಹೊರಿಸುವಾಗ ಕುತ್ತಿಗೆಯನ್ನು ಬಿಗಿದುಕೊಂಡು ನಿಲ್ಲುವ ಹೋರಿಯನ್ನು ಪಳಗಿಸಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಕೆಳಗಿನ ಮಾತುಗಳನ್ನು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲರೂ ಕೂಡಿ ವಿಚಾರಿಸಿರಿ. ಓದುಬಾರದ ಹಿರಿಯರನ್ನು ಬಿಡಬೇಡಿರಿ. ಅವರೇ ಮುಂಚೆ ಹೇಳುವರೆಂದು ನನ್ನ ನಂಬಿಕೆ. ‘ಅವನ ನಾಲಿಗೆ ಉದ್ದ.’ ‘ಕಲ್ಲಿನ ಮೇಲೆ ನೀರು ಹೊಯ್ದ ಹಾಗಾಯಿತು.’ ‘ಒಂದು ತುತ್ತು ಅನ್ನಕ್ಕಾಗಿ ಊರು ಬಿಟ್ಟೆವು.’ ‘ಕಣ್ಣೀರಿನ ಹೊಳೆ ಹರಿಯಿತು.’ ‘ಈ ಹುಡುಗಿಯು ತನ್ನ ಅಕ್ಕನ ಹಾಗಿದ್ದಾಳೆ.’ ‘ಅವನು ನನ್ನ ತಲೆ ತಿಂದನು.’ ‘ಕಷ್ಟಕಾಲದಲ್ಲಿ ಅವನು ಕೈಕೊಟ್ಟನು.’ ಇವುಗಳಲ್ಲಿ ಒಂದರಲ್ಲಿ ಅಲಂಕಾರವೇ ಇಲ್ಲ. ಕಡೆಯದಕ್ಕೆ ಒಂದಕ್ಕೊಂದು ವಿರುದ್ಧವಾದ ಎರಡು ಅರ್ಥಗಳುಂಟು. ಅದನ್ನು ಹೇಳಿಕೆಯಲ್ಲಿ ಬರೆಯಬೇಕಾಗಿ ಬಂದವನು, ಬರೆಯುವದಕ್ಕೆ ಮುಂಚೆ ಏನೆಂದು ಕೇಳಬೇಕೆಂಬದನ್ನೂ ಯೋಚಿಸಿರಿ. ಉತ್ತರಗಳನ್ನು ಮುಂದಿನ ತಿಂಗಳು ನೋಡುವಾ.